ಲ್ಯಾಮಿನೇಷನ್ ಅಂಗಡಿಗೆ ಹೋಗುವ ಮುನ್ನ

ತುಮಕೂರಿನ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಅದರ ಕೌಂಟರಿನ ಮೇಲೆ ನಾನು ಬಿಚ್ಚಿಟ್ಟದ್ದು ಒಂದು ಕಾಲಕ್ಕೆ ಗುಲಾಬಿ ಬಣ್ಣದ್ದಾಗಿದ್ದ, ಈಗ ಒಣಗಿದ ದಾಳಿಂಬೆ ಸಿಪ್ಪೆಯಂತಾಗಿದ್ದ ತೆಳು ಕಾಗದ. ಗುಬ್ಬಿ ಕಂಪನಿಯ ‘ಸದಾರಮೆ’ ನಾಟಕದ ಹ್ಯಾಂಡ್‌ಬಿಲ್ಲು. ತಾತನ ಹಳೇ ಪಂಚಾಂಗದೊಳಗೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಹಿಂಬದಿಯಲ್ಲಿ ಸೀಸದಕಡ್ಡಿಯ ಲೆಕ್ಕ: ಹುರುಳಿ ಇಷ್ಟು, ಹಗ್ಗ ಎರಡು ಮಾರು, ಕೊನೆಗೆ ‘ನೆಲ ಎರಡಾಣೆ’. ನೆಲ ಅಂದರೆ ಟೆಂಟಿನೊಳಗೆ ಕುರ್ಚಿ, ಬೆಂಚುಗಳ ಮುಂದೆ ಮಣ್ಣಿನ ಮೇಲೆ ಕೂತು ನೋಡುವ ಟಿಕೆಟ್ಟು. ಎತ್ತಿಗೆ ಹುರುಳಿ ಕೊಳ್ಳಲು ಪೇಟೆಗೆ ಹೋದ ಮನುಷ್ಯ ನಾಟಕ ನೋಡಿಕೊಂಡು ಬಂದದ್ದಕ್ಕೆ ಅದೊಂದೇ ಸಾಕ್ಷಿ.

“ಲ್ಯಾಮಿನೇಷನ್ ಮಾಡಿಸ್ಬಿಡಿ ಸಾರ್, ನೂರು ವರ್ಷ ಆದ್ರೂ ಏನೂ ಆಗಲ್ಲ” ಅಂದ ಅಂಗಡಿಯ ಹುಡುಗ. ನಾನೂ ತಲೆಯಾಡಿಸಿದೆ. ಮೆಷಿನ್ನಿನ ಬಿಸಿ ಉರುಳೆಗಳ ನಡುವಿನಿಂದ ಕಾಗದ ಈಚೆ ಬಂದಾಗ ಅಡ್ಡ ಮಡಿಕೆಯ ಗೆರೆ ಪೂರಾ ಸೀಳಿತ್ತು, ಒಂದು ಮೂಲೆ ಓರೆಯಾಗಿ ಮಡಿಸಿಕೊಂಡೇ ಅಂಟಿಕೊಂಡಿತ್ತು, ನಡುವೆ ಕಡಲೆಕಾಳಿನಷ್ಟು ದೊಡ್ಡ ಗಾಳಿಗುಳ್ಳೆ. ಅವನ ತಪ್ಪೇನಿಲ್ಲ. ಅವನು ರೇಷನ್ ಕಾರ್ಡಿಗೆ ಮಾಡುವುದನ್ನೇ ಇದಕ್ಕೂ ಮಾಡಿದ. ಕೇಳದೆ ಕೊಟ್ಟವನು ನಾನು.

ಅಲ್ಲಿಂದೀಚೆಗೆ ಕಲಿತದ್ದನ್ನೆಲ್ಲ ಒಂದು ಮಾತಿಗೆ ಇಳಿಸಬಹುದು. ಹಳೆಯ ಕಾಗದಕ್ಕೆ ನೀವು ಏನೇ ಮಾಡಿ, ಅದು ಜಾರುಗಂಟಿನ ಹಾಗಿರಬೇಕು. ನಾಳೆ ಎಳೆದರೆ ಬಿಚ್ಚಿಕೊಳ್ಳಬೇಕು. ಲ್ಯಾಮಿನೇಷನ್, ಗೋಂದು, ಸೆಲೋಟೇಪು, ಪ್ಲೈವುಡ್ಡಿಗೆ ಅಂಟಿಸಿ ಹಾಕುವ ಫ್ರೇಮು ಇವೆಲ್ಲ ಕಗ್ಗಂಟುಗಳು. ಮನೆಯಲ್ಲಿ ಯಾರೂ ತಿರುಗಿ ನೋಡದೆ ಬಿಟ್ಟ ಕಾಗದ ಎಷ್ಟೋ ಸಲ ಚೆನ್ನಾಗಿಯೇ ಉಳಿದಿರುತ್ತದೆ. ಹಾಳಾಗುವುದು ಯಾರಿಗಾದರೂ ಅದರ ಮೇಲೆ ಪ್ರೀತಿ ಉಕ್ಕಿದಾಗ.

ಅಮೆರಿಕದಲ್ಲಿ ಈ ಪ್ರೀತಿ ಬೇಸ್‌ಬಾಲ್ ಕಾರ್ಡುಗಳ ಮೇಲೆ. ಮೊದಲು ಸಿಗರೇಟು ಪ್ಯಾಕಿನೊಳಗೆ, ಆಮೇಲೆ ಚೂಯಿಂಗ್ ಗಮ್ಮಿನ ಜೊತೆ ಆಟಗಾರರ ಚಿತ್ರದ ಪುಟ್ಟ ರಟ್ಟು ಬರುತ್ತಿತ್ತು. ಟಾಪ್ಸ್ ಕಂಪನಿ 1952ರಲ್ಲಿ ಛಾಪಿಸಿದ ಕಾರ್ಡುಗಳಲ್ಲಿ ಮಾರಾಟವಾಗದೆ ಉಳಿದದ್ದನ್ನು ಇಡಲು ಜಾಗವಿಲ್ಲದೆ ಕಂಪನಿಯವರೇ ಕೊನೆಗೆ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಅದೇ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಯ ಆಸುಪಾಸು. ನನಗೆ ಇದಕ್ಕಿಂತ ಹೆಚ್ಚು ಕಾಡುವ ಕತೆ ಜೆಫರ್ಸನ್ ಬರ್ಡಿಕ್ ಎಂಬಾತನದು. ಆತ ಜೀವಮಾನವೆಲ್ಲ ಕೂಡಿಹಾಕಿದ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು, ಚೀಟಿ, ಜಾಹೀರಾತು ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟ. ಸಂಧಿವಾತದಿಂದ ಸೊಟ್ಟಗಾದ ಕೈಗಳಲ್ಲೇ ವರ್ಷಗಟ್ಟಲೆ ಕೂತು ಅವನ್ನು ಆಲ್ಬಮ್ಮಿಗೆ ಜೋಡಿಸಿ, 1963ರಲ್ಲಿ ಕೆಲಸ ಮುಗಿಸಿ, ಎರಡು ತಿಂಗಳಿಗೆ ತೀರಿಕೊಂಡ. ಇಷ್ಟು ಶ್ರದ್ಧೆಯ ಮನುಷ್ಯ ಮಾಡಿದ್ದೇನು ಗೊತ್ತೆ? ಕಾರ್ಡುಗಳನ್ನು ಅಂಟು ಹಚ್ಚಿ ಅಂಟಿಸಿಬಿಟ್ಟ. ಪಾಪ, ಆ ಕಾಲದ ತಿಳಿವಳಿಕೆ ಅಷ್ಟು. ನನ್ನ ಇಪ್ಪತ್ತು ರೂಪಾಯಿಯ ಲ್ಯಾಮಿನೇಷನ್ನಿಗೆ ಸಮಾಧಾನ ಬೇಕಾದಾಗ ಬರ್ಡಿಕ್‌ನನ್ನು ನೆನೆಯುತ್ತೇನೆ.

ನಮ್ಮ ಕಡೆ ಬೇಸ್‌ಬಾಲ್ ಇಲ್ಲ ಎಂದ ಮಾತ್ರಕ್ಕೆ ಈ ಜಾತಿಯ ಕಾಗದ ಇಲ್ಲ ಎಂದಲ್ಲ. ನಲವತ್ತೈದು, ಐವತ್ತು ದಾಟಿದವರ ಟ್ರಂಕು ತೆಗೆಸಿ ನೋಡಿ. 1987ರ ವಿಶ್ವಕಪ್ಪಿನ ಹೊತ್ತಿನ ಬಿಗ್ ಫನ್ ಬಬಲ್ ಗಮ್ಮಿನ ರನ್ನು, ವಿಕೆಟ್ಟಿನ ಚೀಟಿ, ಅವನ್ನು ಕೂಡಿಸಿ ಕೊಟ್ಟು ಪಡೆದ, ಬೆರಳಲ್ಲಿ ಸರ್ರನೆ ಬಿಟ್ಟರೆ ಬ್ಯಾಟ್ಸ್‌ಮನ್ ಆಡುವ ಪುಟ್ಟ ಪುಸ್ತಕ, ಆಮೇಲಿನ ಟ್ರಂಪ್ ಕಾರ್ಡು, ಶಿವಕಾಶಿಯ ಬೆಂಕಿಪೊಟ್ಟಣದ ಲೇಬಲ್ಲು, ಸಿನಿಮಾ ಹಾಡಿನ ಪುಸ್ತಕ. ಗುಬ್ಬಿಯಲ್ಲಂತೂ ನಾಟಕದ ಹ್ಯಾಂಡ್‌ಬಿಲ್ಲು ಊರಿನ ಆಸ್ತಿ. ಗುಬ್ಬಿ ಕಂಪನಿ ಎಂದೇ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಅಲ್ಲಿ ಹುಟ್ಟಿದ್ದು 1884ರಲ್ಲಿ. ಬಾಲಕನಾಗಿ ಸೇರಿದ ವೀರಣ್ಣನವರು ಆಮೇಲೆ ಅದರ ಯಜಮಾನರಾಗಿ ನಾಡೆಲ್ಲ ಕ್ಯಾಂಪು ಹಾಕಿಸಿದರು. ಕ್ಯಾಂಪು ಹಾಕಿದ ಕಡೆಯೆಲ್ಲ ಹ್ಯಾಂಡ್‌ಬಿಲ್ಲು ಹಂಚಿದರು. ಕುಣಿಗಲ್ ಕಡೆಯ ಮನೆಗಳಲ್ಲಿ ಇನ್ನೊಂದು ಬಗೆ. ಟಿಪ್ಪು ಕಾಲದ ಕುದುರೆ ಫಾರಂ ಇರುವ ಊರಲ್ಲವೇ, ಅಲ್ಲಿ ದುಡಿದವರು, ಅವರ ಬಾಯಿಂದ ಕುದುರೆಗಳ ಕತೆ ಕೇಳಿ ರೇಸಿನ ರುಚಿ ಹತ್ತಿಸಿಕೊಂಡವರು ಬೆಂಗಳೂರಿನಿಂದ ತಂದ ರೇಸ್ ಬುಕ್ಕುಗಳು ಕಟ್ಟುಕಟ್ಟಾಗಿ ಸಿಗುತ್ತವೆ. ಅಂಚಿನಲ್ಲಿ ಪೆನ್ಸಿಲಿನ ಗುರುತು, ಗೆದ್ದದ್ದಕ್ಕೆ ಸುತ್ತು, ಸೋತದ್ದಕ್ಕೆ ಗೀಟು.

ಅಟ್ಟ ಬೇಡ

ಮೊದಲ ಪ್ರಶ್ನೆ ಎಲ್ಲಿಡುವುದು. ಗುಬ್ಬಿ, ತಿಪಟೂರು ಸೀಮೆಯ ಹಳೇ ಮನೆಗಳ ಅಟ್ಟ ಕಟ್ಟಿದ್ದೇ ಕೊಬ್ಬರಿಗೆ. ಸಿಪ್ಪೆ ಸುಲಿಯದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿ ಕೂತು ಒಳಗೇ ಉಂಡೆ ಕೊಬ್ಬರಿಯಾಗಬೇಕು. ಹೆಂಚಿನ ಕಾವು, ಒಲೆಯ ಹೊಗೆ, ಗಾಳಿಯಾಟ ಎಲ್ಲ ಕಾಯಿಗೆ ಹಿತ. ಕಾಗದಕ್ಕೆ ಅದೇ ವಿಷ. ಬೇಸಿಗೆಯಲ್ಲಿ ಹೆಂಚಿನಡಿ ಕಾದು, ಮಳೆಗಾಲದಲ್ಲಿ ತೇವ ಹೀರಿ, ಮತ್ತೆ ಕಾದು, ಮತ್ತೆ ಹೀರಿ ಕಾಗದದ ನಾರು ಸಡಿಲವಾಗುತ್ತದೆ. ಕೊಬ್ಬರಿಗೆ ಬರುವ ಇಲಿ ಹ್ಯಾಂಡ್‌ಬಿಲ್ಲನ್ನೂ ಬಿಡುವುದಿಲ್ಲ. ಹಾಗಂತ ನೆಲದ ಮೇಲೂ ಇಡಬೇಡಿ. ಕುಣಿಗಲ್ ದೊಡ್ಡಕೆರೆಯ ಆಸುಪಾಸಿನ ಮನೆಗಳಲ್ಲಿ ಕೆರೆ ತುಂಬಿದ ವರ್ಷ ಗೋಡೆಯ ಬುಡ ಕೈಗೆ ತಣ್ಣಗೆ ಹತ್ತುವುದುಂಟು. ಆ ತಂಪು ಟ್ರಂಕಿನ ತಳಕ್ಕೂ ಏರುತ್ತದೆ.

ಒಳ್ಳೆಯ ಜಾಗ ಎಂದರೆ ಮನೆಯ ನಡುಕೋಣೆಯ ಬೀರು, ಅದರ ನಡುವಿನ ಖಾನೆ. ಪಡುವಣ ಬಿಸಿಲು ಬೀಳುವ ಹೊರಗೋಡೆಗೆ, ಬಚ್ಚಲಿನ ಗೋಡೆಗೆ, ಅಡುಗೆಮನೆಗೆ ತಗುಲದಂತಿರಲಿ. ಮನುಷ್ಯರು ದಿನವೂ ಓಡಾಡುವ ಕೋಣೆಯಾದರೆ ಇನ್ನೂ ಒಳ್ಳೆಯದು, ಹುಳ ಹಿಡಿದರೆ ಬೇಗ ಗೊತ್ತಾಗುತ್ತದೆ. ಮರದ ಪೆಟ್ಟಿಗೆಗಿಂತ ಬಣ್ಣ ಹೊಡೆದ ತಗಡಿನ ಟ್ರಂಕೇ ಮೇಲು. ಹಸಿ ಮರ, ಪ್ಲೈವುಡ್ಡು ಒಳಗೊಳಗೇ ಆಮ್ಲದ ಆವಿ ಬಿಡುತ್ತವೆ. ಟ್ರಂಕಿನ ತಳಕ್ಕೆ ನ್ಯೂಸ್‌ಪೇಪರ್ ಹಾಸುವ ಅಭ್ಯಾಸವನ್ನೂ ಬಿಡಬೇಕು. ಪೇಪರು ವರ್ಷದೊಳಗೆ ಹಳದಿಯಾಗುವುದನ್ನು ನೋಡಿದ್ದೀರಲ್ಲ, ಹಾಗೆ ಹಳದಿ ಮಾಡುವ ಆಮ್ಲ ಅದನ್ನು ಮುಟ್ಟಿಕೊಂಡಿರುವ ಕಾಗದಕ್ಕೂ ದಾಟುತ್ತದೆ. ಅದರ ಬದಲು, ಒಗೆದು ಒಗೆದು ಮೆದುವಾದ ಹಳೇ ಬಿಳಿ ಪಂಚೆ. ಸೋಪು, ನೀಲಿ, ಗಂಜಿ ಏನೂ ಉಳಿಯದಂತೆ ಎರಡು ಮೂರು ಸಲ ಬರೀ ನೀರಿನಲ್ಲಿ ಜಾಲಿಸಿ, ಬಿಸಿಲಲ್ಲಿ ಗರಿಗರಿ ಒಣಗಿಸಿ ಹಾಸಿ. ಓಲೆಗರಿಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು.

ಓಲೆಗರಿ ಎಂದಾಗ ಒಂದು ಎಚ್ಚರಿಕೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಓಲೆಗರಿಗೆ ಹುಲ್ಲೆಣ್ಣೆ ಸವರುವುದನ್ನು ನೋಡಿದ ಯಾರಾದರೂ ನಿಮಗೂ ಅದೇ ಸಲಹೆ ಕೊಟ್ಟಾರು. ಒಣಗಿ ಸೀಳುವ ಗರಿಗೆ ಅದು ಮದ್ದು. ಕಾಗದಕ್ಕೆ ಎಣ್ಣೆ ಸೋಕಿದರೆ ಬಜ್ಜಿ ಕಟ್ಟಿದ ಪೊಟ್ಟಣದ ಗತಿಯೇ.

ಯಾವ ಪ್ಲಾಸ್ಟಿಕ್ಕು

ಕ್ರಿಕೆಟ್ ಕಾರ್ಡು ಇರುವವರು ಇಲ್ಲಿ ಸ್ವಲ್ಪ ನಿಧಾನಿಸಿ. ತೆಳು ಪಾರದರ್ಶಕ ಕವರಿನಲ್ಲಿ ಕಾರ್ಡು ಹಾಕಿಡುವುದು ಒಳ್ಳೆಯದೇ. ಆದರೆ ಪ್ಲಾಸ್ಟಿಕ್ಕಿನಲ್ಲಿ ಮಿತ್ರರೂ ಉಂಟು, ಶತ್ರುಗಳೂ ಉಂಟು. ಶತ್ರುವಿನ ಹೆಸರು ಪಿವಿಸಿ. ಹಳೆಯ ವಿಸಿಟಿಂಗ್ ಕಾರ್ಡ್ ಆಲ್ಬಂ, ಅಂಗಡಿಯ ದಪ್ಪ ಮೆತ್ತನೆಯ ಪೌಚು, ಬ್ಯಾಂಕಿನವರು ಪಾಸ್‌ಬುಕ್ಕಿಗೆ ಕೊಡುತ್ತಿದ್ದ ಹೊದಿಕೆ ಬಹುಮಟ್ಟಿಗೆ ಇದೇ. ಅದನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ವರ್ಷ ಕಳೆದಂತೆ ಹೊರಗೆ ಜಿನುಗಿ, ಕಾರ್ಡಿನ ಬಣ್ಣವನ್ನೇ ಎತ್ತಿಕೊಂಡುಬಿಡುತ್ತದೆ. ಹಳೇ ಆಲ್ಬಂ ತೆರೆದಾಗ ಚರ್ರ್ ಎನ್ನುವ ಅಂಟಂಟು ಸದ್ದು ಬರುತ್ತದಲ್ಲ, ಅದು ಇದರ ಕೆಲಸ. ಮಿತ್ರರು ಮೂವರು: ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್.

ಅಂಗಡಿಯಲ್ಲಿ ಗುರುತು ಹಿಡಿಯುವುದು ಹೇಗೆ? ಮೂಗಿಗೆ ಹಿಡಿಯಿರಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಬೇಡ. ಕಚೇರಿ ಸಾಮಾನಿನ ಅಂಗಡಿಯಲ್ಲಿ ಸಿಗುವ, ಮುಟ್ಟಿದರೆ ಸರಸರ ಎನ್ನುವ ಎಲ್-ಫೋಲ್ಡರುಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಪ್ಯಾಕಿನ ಮೇಲೆ ‘ಪಿಪಿ’ ಎಂದಿರುತ್ತದೆ. ಹ್ಯಾಂಡ್‌ಬಿಲ್ಲಿಗೆ, ಹಾಡಿನ ಪುಸ್ತಕಕ್ಕೆ ಇದು ಹೇಳಿ ಮಾಡಿಸಿದ್ದು. ಇನ್ನೂ ಅನುಮಾನವಿದ್ದರೆ ತಾಮ್ರದ ತಂತಿಯ ತುದಿಯನ್ನು ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್ಕಿನ ಒಂದು ಚೂರಿಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಪಿವಿಸಿ ಎಂದೇ ತಿಳಿಯಿರಿ. ಈ ಪರೀಕ್ಷೆಯನ್ನು ಹಿತ್ತಲಿನ ಬಯಲಲ್ಲೇ ಮಾಡಬೇಕು, ಹೊಗೆ ಒಳ್ಳೆಯದಲ್ಲ. ಮಕ್ಕಳಿಗೆ ಮಾಡಲು ಬಿಡಬೇಡಿ.

ಅಮೆರಿಕದ ಕಾರ್ಡಿನ ಈಗಿನ ಅಳತೆ ಎರಡೂವರೆ ಇಂಚಿಗೆ ಮೂರೂವರೆ ಇಂಚು. ಆನ್‌ಲೈನಿನಲ್ಲಿ ಸಿಗುವ ತೆಳು ಕವರು, ಗಟ್ಟಿ ಟಾಪ್‌ಲೋಡರು, ಒಂಬತ್ತು ಜೇಬಿನ ಹಾಳೆ ಎಲ್ಲ ಆ ಅಳತೆಗೇ ಹೊಲಿದ ಅಂಗಿಗಳು. ನಮ್ಮ ಚೀಟಿ, ಲೇಬಲ್ಲುಗಳು ಬಹುತೇಕ ಅದಕ್ಕಿಂತ ಚಿಕ್ಕವು. ದೊಡ್ಡ ಜೇಬಿನಲ್ಲಿ ಚಿಕ್ಕ ಚೀಟಿ ಜಾರಾಡಿದರೆ ಮೂಲೆ ಸವೆಯುತ್ತದೆ. ಹಿಂದೆ ಒಂದು ಬಿಳಿ ಒಳ್ಳೆ ರಟ್ಟಿನ ತುಂಡು ಕೊಟ್ಟು ಹಾಕಿ, ಅಲುಗಾಟ ನಿಲ್ಲುತ್ತದೆ. ಬೆಂಕಿಪೊಟ್ಟಣದ ಲೇಬಲ್ಲಿಗೆ ಅಂಚೆಚೀಟಿ ಆಲ್ಬಮ್ಮಿನ ಪಟ್ಟಿಗಳು ಚೆನ್ನಾಗಿ ಒಪ್ಪುತ್ತವೆ. ಕಾರ್ಡು ಒಳಗೆ ಹೋಗದಿದ್ದರೆ ಅಂಚು ಕತ್ತರಿಸುವ ಪುಣ್ಯಾತ್ಮರನ್ನು ನೋಡಿದ್ದೇನೆ. ದಯವಿಟ್ಟು ಕವರು ಬದಲಿಸಿ.

ರಬ್ಬರ್ ಬ್ಯಾಂಡು, ಗುಂಡುಪಿನ್ನು, ಜೆಮ್ ಕ್ಲಿಪ್ಪು ಮೂರನ್ನೂ ಇವತ್ತೇ ತೆಗೆಯಿರಿ. ರಬ್ಬರು ಕರಗಿ ಅಂಟುತ್ತದೆ, ಕಬ್ಬಿಣ ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ರೇಸ್ ಬುಕ್ಕಿನ ಸ್ಟೇಪಲ್ ಪಿನ್ನು ತೆಗೆಯುವಾಗ ಉಗುರು ಹಾಕಿ ಎಳೆಯಬೇಡಿ. ಪುಸ್ತಕ ಬೋರಲು ಹಾಕಿ, ಪಿನ್ನಿನ ಮಡಿಚಿದ ಎರಡು ಕಾಲನ್ನು ಮೊಂಡು ಚಾಕುವಿನಿಂದ ಎಬ್ಬಿಸಿ, ಆಮೇಲೆ ತಿರುವಿ ಮುಂಬದಿಯಿಂದ ಮೆಲ್ಲಗೆ ಎತ್ತಿ. ಬೇಕಾದರೆ ಅದೇ ತೂತಿನಲ್ಲಿ ಬಿಳಿ ಹತ್ತಿ ದಾರದ ಒಂದು ಸಡಿಲ ಹೊಲಿಗೆ. ರೇಸ್ ಬುಕ್ಕುಗಳನ್ನು ನಿಲ್ಲಿಸದೆ ಮಲಗಿಸಿ, ಒಂದರ ಮೇಲೊಂದು ಹತ್ತಕ್ಕಿಂತ ಹೆಚ್ಚು ಹೇರಬೇಡಿ.

ಮುಟ್ಟುವ ಮೊದಲು ಕೈ ತೊಳೆದು ಪೂರ್ತಿ ಒರೆಸಿಕೊಂಡರೆ ಸಾಕು. ಟೀವಿಯಲ್ಲಿ ತೋರಿಸುವ ಬಿಳಿ ಗ್ಲೌಸು ಫೋಟೋಗಳಿಗೆ ಸರಿ. ಹರುಕು ಹ್ಯಾಂಡ್‌ಬಿಲ್ಲಿಗೆ ಹಾಕಿಕೊಂಡರೆ ಬೆರಳಿಗೆ ಅಂದಾಜು ಸಿಗದೆ ಇನ್ನಷ್ಟು ಹರಿಯುತ್ತದೆ. ಧೂಳಿಗೆ ಮೆದು ಬ್ರಷ್ಷು. ಒದ್ದೆ ಬಟ್ಟೆ, ಪೆನ್ಸಿಲ್ ರಬ್ಬರು ಬೇಡ.

ಹುಳ, ಮಳೆ

ನಮ್ಮ ಸೀಮೆ ಕರಾವಳಿಯಷ್ಟು ತೇವದ್ದಲ್ಲ ಎಂಬ ಧೈರ್ಯ ಎಲ್ಲರಿಗೂ ಇದೆ. ಆ ಧೈರ್ಯವೇ ಕೆಡಿಸುವುದು. ಬಯಲುಸೀಮೆಯ ಈ ಭಾಗಕ್ಕೆ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗಾಳಿಯ ತೇವ ನೂರಕ್ಕೆ 65–70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ತೇವ ತೋರಿಸುವ ಪುಟ್ಟ ಮೀಟರು ಕೆಲವು ನೂರು ರೂಪಾಯಿಗೆ ಬರುತ್ತದೆ, ಟ್ರಂಕಿನೊಳಗೆ ಒಂದು ಹಾಕಿಡಿ. 45ರಿಂದ 55ರ ನಡುವೆ ಇದ್ದರೆ ನೆಮ್ಮದಿ. ಟ್ರಂಕು ಜೋಡಿಸುವ ಕೆಲಸವನ್ನು ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮುಚ್ಚಿದರೆ ತೇವವನ್ನೂ ಒಳಗೆ ಹಾಕಿ ಬೀಗ ಜಡಿದಂತೆ. ಸಿಲಿಕಾ ಜೆಲ್ಲಿನ ಹರಳನ್ನು ತೆಳುಬಟ್ಟೆಯ ಗಂಟು ಕಟ್ಟಿ ಮೂಲೆಗಳಲ್ಲಿ ಇಡಬಹುದು, ಕಾಗದಕ್ಕೆ ತಗುಲಬಾರದು. ನೀಲಿ ಹರಳು ತೇವ ಕುಡಿದು ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ಸಣ್ಣ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯದರಲ್ಲಿ ಕೋಬಾಲ್ಟಿನ ವಿಷವಿರುವುದರಿಂದ ಮಕ್ಕಳಿರುವ ಮನೆಗೆ, ಅಡುಗೆ ಪಾತ್ರೆಗೆ ಬೇಡ.

ನುಸಿಗುಳಿಗೆ ಹಾಕುವುದು ಎಲ್ಲರ ಮನೆಯ ರೂಢಿ. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ, ಮನುಷ್ಯರ ಉಸಿರಿಗೂ ಒಳ್ಳೆಯದಲ್ಲ. ಬೇವಿನೆಲೆ ಹಾಕುವುದಾದರೆ ಎಲೆ ಕೈಯಲ್ಲಿ ಪುಡಿಯಾಗುವಷ್ಟು ಒಣಗಿರಬೇಕು, ಅದೂ ಬಟ್ಟೆಯ ಗಂಟಿನಲ್ಲಿ. ಹಸಿ ಎಲೆ ತೇವ ತರುತ್ತದೆ, ಕಲೆ ಮಾಡುತ್ತದೆ. ಬಜೆಯ ಬೇರೂ ಹಾಗೇ. ನಿಜ ಹೇಳಬೇಕೆಂದರೆ ಇವೆಲ್ಲಕ್ಕಿಂತ ದೊಡ್ಡ ಮದ್ದು ಮೂರು ತಿಂಗಳಿಗೊಮ್ಮೆ ಟ್ರಂಕು ತೆರೆದು ನೋಡುವುದು. ಬೆಳ್ಳಿ ಬಣ್ಣದ ಜಾರುವ ಹುಳ ಕತ್ತಲೆ, ತೇವ, ಗಂಜಿ ಮೂರೂ ಇದ್ದ ಕಡೆ ಸಂಸಾರ ಹೂಡುತ್ತದೆ. ಮೈದಾ ಅಂಟಿನಲ್ಲಿ ಅಂಟಿಸಿದ ಲೇಬಲ್ಲೆಂದರೆ ಅದಕ್ಕೆ ಹಬ್ಬದೂಟ. ಹುಳ ಕಂಡುಬಂದ ಕಟ್ಟನ್ನು ಗಾಳಿಯಾಡದ ಕವರಿಗೆ ಹಾಕಿ, ಬಾಯಿ ಬಿಗಿದು, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ಇಡೀ ದಿನ ಕವರು ಬಿಚ್ಚಬೇಡಿ. ತಣ್ಣನೆಯ ಕಾಗದದ ಮೇಲೆ ಬೆವರು ಕೂರುತ್ತದೆ. ಮನೆಯ ಸಣ್ಣ ಫ್ರಿಜ್ಜಿನ ಐಸು ಡಬ್ಬದ ತಂಪು ಇದಕ್ಕೆ ಸಾಲದು. ಐಸ್‌ಕ್ರೀಮ್ ಅಂಗಡಿಯ ಸ್ನೇಹಿತರಿದ್ದರೆ ಕೇಳಿ ನೋಡಿ, ಏನೆಂದು ಹೇಳಿ ಕೇಳುತ್ತೀರೋ ಅದು ನಿಮ್ಮ ಜಾಣತನ.

ಹರಿದದ್ದನ್ನು, ಅಂಟಿಕೊಂಡದ್ದನ್ನು ಮನೆಯಲ್ಲಿ ರಿಪೇರಿ ಮಾಡಲು ಹೋಗಬೇಡಿ. ಹರಿದ ಚೂರುಗಳನ್ನು ಒಂದೇ ಫೋಲ್ಡರಿನಲ್ಲಿ ಸರಿಯಾಗಿ ಕೂಡಿಸಿಟ್ಟರೆ ಸಾಕು. ನಿಜಕ್ಕೂ ಅಮೂಲ್ಯವಾದದ್ದಾದರೆ ಕಾಗದದ ಸಂರಕ್ಷಣೆ ಕಲಿತವರು ಬೆಂಗಳೂರಿನಲ್ಲಿದ್ದಾರೆ. ಇಂಟ್ಯಾಕ್ ಸಂಸ್ಥೆಯ ಕೇಂದ್ರದವರು ಇದೇ ಕೆಲಸ ಮಾಡುತ್ತಾರೆ. ಅವರು ಬಳಸುವುದು ಗೋಧಿ ಪಿಷ್ಟದ ಅಂಟು, ಜಪಾನಿ ತೆಳುಗಾಗದ. ನೀರು ಸೋಕಿಸಿದರೆ ಬಿಚ್ಚಿ ಬರುವಂಥದ್ದು. ಅದೇ ಜಾರುಗಂಟು.

ಹಿಂಬದಿ, ಅಂಚು

ಸಂಗ್ರಹಕ್ಕೊಂದು ಲೆಕ್ಕದ ಪುಸ್ತಕ ಬೇಕು. ಎರಡು ಕಡೆಯೂ 600 ಡಿಪಿಐನಲ್ಲಿ ಸ್ಕ್ಯಾನು ಮಾಡಿಸಿ, ಒಂದು ನಂಬರು ಕೊಟ್ಟು, ಅದೇ ನಂಬರನ್ನು ಕವರಿನ ಮೇಲೆ ಬರೆಯಿರಿ, ಕಾಗದದ ಮೇಲಲ್ಲ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಕೊಡುವಾಗ ಏನು ಹೇಳಿದರು ಎಂಬುದನ್ನು ಅವತ್ತೇ ಬರೆದಿಡಿ. ಈ ಕೊನೆಯದನ್ನು ನಾಳೆ ಬರೆಯೋಣ ಎಂದುಕೊಂಡವರು ಯಾರೂ ಬರೆದದ್ದಿಲ್ಲ.

ಕಷ್ಟ ಬರುವುದು ಇಸವಿಯ ಕಾಲಂ ತುಂಬಿಸುವಾಗ. ಹ್ಯಾಂಡ್‌ಬಿಲ್ಲಿನವರಿಗೆ ಆ ವಾರ ಜನ ಬಂದರೆ ಸಾಕಿತ್ತು, ತಾರೀಕು, ವಾರ ಹಾಕಿ ಇಸವಿ ಬಿಟ್ಟುಬಿಡುತ್ತಿದ್ದರು. ಆದರೆ ತಾರೀಕು, ವಾರ ಎರಡೂ ಇದ್ದರೆ ಅರ್ಧ ಕೆಲಸ ಆದಂತೆಯೇ. ಮಾರ್ಚ್ 14, ಶನಿವಾರ, ‘ಕುರುಕ್ಷೇತ್ರ’ ಎಂದಿದೆ ಎಂದಿಟ್ಟುಕೊಳ್ಳಿ. ಆ ತಾರೀಕು ಶನಿವಾರಕ್ಕೆ ಬಿದ್ದ ವರ್ಷಗಳು 1931, 1936, 1942, 1953, 1959. ಬಯಲಲ್ಲಿ ಆನೆ, ಕುದುರೆ ತಂದು ವೀರಣ್ಣನವರು ಆಡಿಸಿದ ಆ ನಾಟಕ ಕಂಪನಿಗೆ ಬಂದದ್ದು 1934ರಲ್ಲಿ, ಹಾಗಾಗಿ 1931 ಹೋಯಿತು. ಟಿಕೆಟ್ಟಿನ ದರ ಆಣೆಯಲ್ಲಿದ್ದರೆ 1959 ಅನುಮಾನ, ಏಕೆಂದರೆ 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂತು. ಪಾತ್ರಧಾರಿಗಳಲ್ಲಿ ಯಾರಾದರೂ ಸಿನಿಮಾ ಹೆಸರಿನಿಂದ ಮೆರೆಯುತ್ತಿದ್ದರೆ ಇನ್ನಷ್ಟು ಹತ್ತಿರವಾಗುತ್ತೀರಿ. ‘ಬೇಡರ ಕಣ್ಣಪ್ಪ’ ಸಿನಿಮಾದ ಪ್ರಸ್ತಾಪ ಬಂತೆಂದರೆ 1954ಕ್ಕಿಂತ ಹಿಂದಿನದಲ್ಲ. ಪ್ರೆಸ್ಸಿನ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ಈಚಿನದು. ಕ್ರಿಕೆಟ್ಟಿನ ಕಾಗದದಲ್ಲಿ ನಮ್ಮ ರಣಜಿ ತಂಡವನ್ನು ‘ಮೈಸೂರು’ ಎಂದು ಕರೆದಿದ್ದರೆ 1973ರ ಈಚಿನದಲ್ಲ. ಮೊದಲ ಸಲ ರಣಜಿ ಗೆದ್ದ 1973–74ರ ತಂಡ ಕರ್ನಾಟಕದ ಹೆಸರಿನಲ್ಲೇ ಆಡಿತು. ಇನ್ನು ‘ತುಮಕೂರು’ ಎಂಬ ಸ್ಪೆಲಿಂಗು ಇಂಗ್ಲಿಷಿನಲ್ಲಿ ಅಧಿಕೃತವಾದದ್ದು 2014ರ ರಾಜ್ಯೋತ್ಸವದಿಂದ. ಹಳೆಯದೆಂದು ಹೇಳಿ ಹೊಸ ಪ್ರತಿ ಮಾರುವವರು ಇಂಥ ಕಡೆ ಎಡವುತ್ತಾರೆ.

ಅಂಚು ಕತ್ತರಿಸಬೇಡಿ ಎಂದು ಬಡಕೊಂಡದ್ದು ಇದಕ್ಕೇ. ಮುದ್ರಣಾಲಯದ ಹೆಸರು, ಊರು ಛಾಪಿಸಬೇಕೆಂಬ ನಿಯಮ ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾಯ್ದೆಯಿಂದಲೇ ಇತ್ತು, ಪದ್ಧತಿ ನಮ್ಮ ಪ್ರೆಸ್ಸುಗಳಿಗೂ ಬಂತು. ಆ ಸಾಲು ಇರುವುದು ತಳದಂಚಿನಲ್ಲಿ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ. ಫ್ರೇಮಿನವನ ಕತ್ತರಿಗೆ ಮೊದಲು ಬಲಿಯಾಗುವುದೂ ಅದೇ.

ಗೊಂಬೆ ಕೂರಿಸಿದ ಹಾಗೆ

ಬಚ್ಚಿಡಲು ಯಾರೂ ಕೂಡಿಡುವುದಿಲ್ಲ. ಬಂದವರಿಗೆ ತೋರಿಸಬೇಕು, ಅವರು “ಅಯ್ಯೋ, ಇದು ನಮ್ಮನೇಲೂ ಇತ್ತು ಕಣ್ರೀ” ಅನ್ನಬೇಕು, ಅಲ್ಲಿಗೆ ಸಂಗ್ರಹಕ್ಕೆ ಸಂಬಳ ಬಂದಂತೆ. ತೊಡಕು ಬೆಳಕಿನದು. ಬಣ್ಣದ ಹ್ಯಾಂಡ್‌ಬಿಲ್ಲಿನ ಅಗ್ಗದ ಬಣ್ಣ ಬಿಸಿಲಿಗೆ ಬೇಗ ಹಾರುತ್ತದೆ, ಹಾರಿದ್ದು ತಿರುಗಿ ಬರುವುದಿಲ್ಲ. ಮ್ಯೂಸಿಯಮ್ಮಿನವರು ಇಂಥ ಕಾಗದಕ್ಕೆ ಇಟ್ಟುಕೊಂಡ ಮಿತಿ 50 ಲಕ್ಸ್, ಅಂದರೆ ಸಂಜೆ ದೀಪ ಹಚ್ಚಿದ ನಡುಮನೆಯ ಮಬ್ಬು ಬೆಳಕು. ಹಗಲಿನ ಕಿಟಕಿಯ ಬಳಿ ಅದರ ಎಷ್ಟೋ ಪಟ್ಟು ಬೀಳುತ್ತದೆ.

ನನ್ನ ಸಲಹೆ ಇಷ್ಟೇ. ವರ್ಷವಿಡೀ ಗೋಡೆಯ ಮೇಲಿರಬೇಕಾದದ್ದು ಒಳ್ಳೆಯ ಬಣ್ಣದ ಪ್ರತಿ. ಸ್ಕ್ಯಾನು ಹೇಗೂ ಇದೆ, ಎರಡು ಪಟ್ಟು ದೊಡ್ಡದು ಮಾಡಿಸಿ ಹಾಕಿ, ದೂರದಿಂದಲೂ ಓದಬಹುದು. ಮೂಲವನ್ನು ದಸರಾ ಗೊಂಬೆಯ ಹಾಗೆ ನಡೆಸಿಕೊಳ್ಳಿ. ಪಟ್ಟದ ಗೊಂಬೆ ವರ್ಷವೆಲ್ಲ ಪೆಟ್ಟಿಗೆಯಲ್ಲಿ ಹಳೇ ಸೀರೆ ಸುತ್ತಿಕೊಂಡು ಮಲಗಿದ್ದು, ಒಂಬತ್ತು ದಿನ ಎದ್ದು ಕೂತು, ಆರತಿ ಮಾಡಿಸಿಕೊಂಡು, ಮತ್ತೆ ಪೆಟ್ಟಿಗೆಗೆ ಹೋಗುತ್ತದೆ. ಅದಕ್ಕೇ ಅಜ್ಜಿಯ ಕಾಲದ ಗೊಂಬೆಯ ಬಣ್ಣ ಇನ್ನೂ ಇದೆ. ಮೆಟ್ಟಿಲು ಕಟ್ಟುವ ಮನೆಯಾದರೆ ಕೊನೆಯ ಮೆಟ್ಟಿಲಲ್ಲಿ ಕ್ರಿಕೆಟ್ ಕಾರ್ಡಿನ ಒಂದು ಸಾಲು ಇಡಿ, ಮಕ್ಕಳು ಶೆಟ್ಟಿಗೊಂಬೆಯ ಅಂಗಡಿ ಬಿಟ್ಟು ಅಲ್ಲಿ ಕೂರುತ್ತಾರೆ. ಆದರೆ ಆರತಿ, ಊದುಬತ್ತಿ, ಚಕ್ಕುಲಿ ತಟ್ಟೆಯಿಂದ ದೂರ. ದಸರಾ ಬರುವುದು ಮಳೆಯ ದಿನಗಳಲ್ಲೇ ಆದ್ದರಿಂದ ಸಂಜೆ ಮಾತ್ರ ಹೊರಗಿಟ್ಟು ರಾತ್ರಿ ಟ್ರಂಕಿಗೆ ಹಾಕುವುದು ಕ್ಷೇಮ. ಯಡಿಯೂರು ಜಾತ್ರೆಗೋ, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕೋತ್ಸವ ನಡೆಯುವಾಗಲೋ ಯಾರಾದರೂ ಪ್ರದರ್ಶನಕ್ಕೆ ಕೇಳಿದರೆ ಪ್ರತಿಗಳನ್ನೇ ಕೊಡಿ. ಮೂಲವೇ ಬೇಕೆಂದರೆ ನೀವೂ ಜೊತೆಗೆ ಹೋಗಿ ಕೂರಿ.

ಮೂಲವನ್ನೇ ಫ್ರೇಮು ಹಾಕಿಸಲೇಬೇಕೆಂಬ ಹಟವಿದ್ದರೆ ಅಂಗಡಿಯವರಿಗೆ ಮೂರು ಮಾತು ಹೇಳಿ. ಕಾಗದ ಗಾಜಿಗೆ ತಾಗಬಾರದು, ನಡುವೆ ರಟ್ಟಿನ ಚೌಕಟ್ಟು ಬೇಕು. ಅಂಟು ಕೂಡದು, ಫೋಟೋ ಮೂಲೆಗಳಲ್ಲಿ ಸಿಕ್ಕಿಸಬೇಕು. ಹಿಂದೆ ಪ್ಲೈವುಡ್ಡಿನ ಬದಲು ಆಮ್ಲವಿಲ್ಲದ ರಟ್ಟು. “ಹಂಗೆ ನಿಲ್ಲಲ್ಲ ಸಾರ್, ಒಂಚೂರು ಗಮ್ ಹಾಕ್ತೀನಿ” ಎಂದು ಅವರು ಹೇಳಿಯೇ ಹೇಳುತ್ತಾರೆ. ಆಗ ಕಾಗದ ಕೈಯಿಂದ ಈಸಿಕೊಂಡು, ಮೂಲೆಗಳನ್ನು ನೀವೇ ಸಿಕ್ಕಿಸಿ ಕೊಡಿ.

ಹಣದ ಆಸೆಯಿಂದ ಇದಕ್ಕೆ ಇಳಿಯುವವರಿಗೆ ನಾನು ಏನೂ ಹೇಳಲಾರೆ. ಮಿಕಿ ಮ್ಯಾಂಟಲ್ಲಿನ ಸುದ್ದಿ ಫೋನಿನಲ್ಲಿ ಓದಿದ ನಮ್ಮ ದೊಡ್ಡಪ್ಪನ ಮಗ “ಆ ಸದಾರಮೆ ಚೀಟಿ ಎಷ್ಟಕ್ಕೆ ಹೋಗುತ್ತಣ್ಣ?” ಎಂದು ಕೇಳಿದ. ಲ್ಯಾಮಿನೇಷನ್ ಆಗದಿದ್ದರೂ ಹೋಗುತ್ತಿದ್ದುದು ಒಂದು ಊಟದ ದುಡ್ಡಿಗೇ ಇರಬೇಕು.

ಆ ಹ್ಯಾಂಡ್‌ಬಿಲ್ಲು ಈಗಲೂ ಟ್ರಂಕಿನಲ್ಲಿದೆ. ಇಸ್ತ್ರಿಪೆಟ್ಟಿಗೆಯ ಬಿಸಿ ತೋರಿಸಿ ಪ್ಲಾಸ್ಟಿಕ್ಕು ಸುಲಿಯಬಹುದು ಎಂದು ಒಬ್ಬರು ಹೇಳಿದರು, ಅಂಚು ಕತ್ತರಿಸಿ ಬಿಡಿಸಬಹುದು ಎಂದು ಇನ್ನೊಬ್ಬರು. ಎರಡಕ್ಕೂ ಕೈ ಹಾಕಿಲ್ಲ. ಗಾಳಿಗುಳ್ಳೆಯ ಮೇಲೆ ಭಾರ ಬೀಳದಂತೆ ಎಲ್ಲಕ್ಕಿಂತ ಮೇಲೆ, ಪಂಚೆಯ ಮಡಿಕೆಯೊಳಗೆ ಇಟ್ಟಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಒಂದನೇ ನಂಬರು. ಸಿಕ್ಕ ಸ್ಥಳ: ತಾತನ ಪಂಚಾಂಗ. ಹಿಂಬದಿ: ಹುರುಳಿ, ಹಗ್ಗ, ನೆಲ ಎರಡಾಣೆ. ಸ್ಥಿತಿ: ಲ್ಯಾಮಿನೇಷನ್ ಆಗಿದೆ, ಮಾಡಿಸಿದವನು ನಾನೇ.